ನನ್ನ ಗದ್ದ ಎಡಕ್ಕೆ ಸರಿದದ್ದು ಯಾವಾಗ

ನನ್ನದು ಫೋಟೋ ತಿದ್ದುವ ಕೆಲಸ. ದಿನಕ್ಕೆ ನಲವತ್ತು ಐವತ್ತು ಮುಖಗಳು ನನ್ನ ಪರದೆ ಮೇಲೆ ಬಂದು ಹೋಗುತ್ತವೆ. ಗುರುತಿನ ಚೀಟಿಯ ಫೋಟೋ ಆದರೆ ಮೊದಲು ಎರಡು ಹುಬ್ಬುಗಳ ನಡುವಿಂದ ಕೆಳಗೆ ಒಂದು ನೇರ ಗೆರೆ ಇಳಿಸುತ್ತೇನೆ. ತಲೆ ವಾಲಿದೆಯಾ ಅಂತ ನೋಡೋದಕ್ಕೆ. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದ್ದೇನೆ. ಮೂಗಿನ ತುದಿ, ಮೇಲ್ತುಟಿಯ ನಡು, ಗದ್ದದ ನಡು, ಈ ಮೂರರ ಮೇಲೂ ಗೆರೆ ಸರಿಯಾಗಿ ಹಾದುಹೋದ ಮುಖ ಒಂದನ್ನೂ ನಾನು ಕಂಡಿಲ್ಲ. ಎಲ್ಲರದ್ದೂ ಒಂದು ಚೂರು ಆಚೆ ಈಚೆ ಇದ್ದೇ ಇರುತ್ತದೆ.

ಮೂರು ವರ್ಷದ ಹಿಂದೆ ಅದೇ ಗೆರೆಯನ್ನು ನನ್ನ ಫೋಟೋ ಮೇಲೆ ಇಳಿಸಿದೆ. ನನ್ನದು ಒಂದು ಚೂರಲ್ಲ. ಗದ್ದದ ನಡುಭಾಗ ಗೆರೆ ಬಿಟ್ಟು ಎಡಕ್ಕೆ ಚೆನ್ನಾಗಿ ಕಾಣುವಷ್ಟು ದೂರ ಹೋಗಿತ್ತು. ಎಡಗೆನ್ನೆ ದುಂಡಗೆ ತುಂಬಿಕೊಂಡಿತ್ತು. ಬಲಗೆನ್ನೆ ಚಪ್ಪಟೆಯಾಗಿ ಉದ್ದಕ್ಕೆ ಇಳಿದಿತ್ತು. ಬಾಯಿಯ ಗೆರೆ ಎಡಗಡೆ ಸ್ವಲ್ಪ ಮೇಲೆ ಏರಿತ್ತು. ಕನ್ನಡಿಯಲ್ಲಿ ದಿನಾ ನೋಡುವ ಮುಖವೇ. ಆದರೆ ದಿನಾ ನೋಡುವುದು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಅಲ್ವಾ?

ಆ ಫೋಟೋವನ್ನು ಅಷ್ಟು ಗಮನವಿಟ್ಟು ನೋಡಿದ್ದಕ್ಕೆ ಕಾರಣ ಇತ್ತು. ಆರು ತಿಂಗಳಿಂದ ದವಡೆ ನೋಯುತ್ತಿತ್ತು. ಎಡಗಿವಿಯ ಮುಂದೆ, ಬೆರಳಿಟ್ಟರೆ ಗುಳಿ ಬೀಳುವ ಜಾಗದಲ್ಲಿ. ಬಾಯಿ ತೆರೆದಾಗ ಅಲ್ಲೊಂದು ಟಕ್ ಅನ್ನುವ ಸದ್ದು. ಆಕಳಿಕೆ ಬಂದರೆ ಕೈ ತಾನಾಗಿ ಹೋಗಿ ಗದ್ದ ಹಿಡಿಯುತ್ತಿತ್ತು. ಬೆಳಿಗ್ಗೆ ಏಳುವಾಗ ಎರಡೂ ಕೆನ್ನೆ ಕಲ್ಲಿನ ಹಾಗೆ ಬಿಗಿದಿರುತ್ತಿದ್ದವು. ಮೊದಲು ಹೋಗಿದ್ದು ಕಿವಿ ಡಾಕ್ಟರ ಹತ್ತಿರ. ಕಿವಿಯಲ್ಲಿ ಏನೂ ಇಲ್ಲ ಅಂದರು.

ಹಾಗಾಗಿ ಆ ಫೋಟೋ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು ಅನ್ನಿಸಿತು. ಮುಖದ ಮೂಳೆ ಸೊಟ್ಟಗಿದೆ, ಅದಕ್ಕೇ ಕೀಲು ನೋಯುತ್ತಿದೆ. ನಾನು ಮೊದಲು ತೋರಿಸಿದ ಹಲ್ಲಿನ ಡಾಕ್ಟರೂ ಹೆಚ್ಚುಕಮ್ಮಿ ಇದನ್ನೇ ಹೇಳಿದರು. ದವಡೆ ಮೂಳೆ ಕತ್ತರಿಸಿ ನೇರಕ್ಕೆ ಕೂರಿಸಿದರೆ ನೋವೂ ಹೋಗುತ್ತದೆ, ಮುಖವೂ ಸರಿಯಾಗುತ್ತದೆ ಅಂದರು. ಮನೆಗೆ ಬಂದು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಹೊರಟೆ. ಆ ಒಂದು ನಿರ್ಧಾರಕ್ಕೆ ಇವತ್ತಿಗೂ ನನಗೆ ಸಮಾಧಾನ ಇದೆ.

ಎರಡನೆಯವರು ಬಾಯಿ ಮತ್ತು ಮುಖದ ನೋವನ್ನೇ ನೋಡುವ ಡಾಕ್ಟರ್. ವಯಸ್ಸಾದ ಹೆಂಗಸು, ಮಾತು ಕಡಿಮೆ. ಫೋಟೋ ತೋರಿಸಿ ನನ್ನ ಲೆಕ್ಕಾಚಾರ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಗದ್ದವನ್ನು ಒಂದು ಬೆರಳಿಂದ ಮೇಲಕ್ಕೆತ್ತಿ ಕೆಳಭಾಗ ನೋಡಿದರು. ಅಲ್ಲಿ ಒಂದು ಹಳೇ ಗಾಯದ ಗುರುತಿದೆ. ಎರಡು ಸೆಂಟಿಮೀಟರ್ ಉದ್ದ ಇರಬಹುದು.

"ಇದು ಯಾವಾಗಿಂದು?"

"ಏಳು ವರ್ಷ ಇದ್ದಾಗ. ಉಯ್ಯಾಲೆಯಿಂದ ಬಿದ್ದೆ."

"ಆಮೇಲೆ ಬಾಯಿ ತೆರೆಯೋಕೆ ಆಗ್ತಿತ್ತಾ?"

ಆಗುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ. ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿದ್ದರು. ಹೊಲಿಗೆ ಬಿಚ್ಚಿದ ಮೇಲೂ ಬಾಯಿಗೆ ಚಮಚ ಹೋಗುತ್ತಿರಲಿಲ್ಲ. ಅಮ್ಮ ಎಲ್ಲವನ್ನೂ ಮೆತ್ತಗೆ ಕಿವುಚಿ ತುಟಿ ಸಂದಿಯಿಂದ ಒಳಗೆ ತಳ್ಳುತ್ತಿದ್ದರು. ಮೂರು ವಾರವೋ ನಾಲ್ಕು ವಾರವೋ. ಆಮೇಲೆ ನಿಧಾನಕ್ಕೆ ಸರಿಹೋಯಿತು. ಸರಿಹೋಯಿತು ಅಂತ ನಾವೆಲ್ಲ ಅಂದುಕೊಂಡೆವು.

ಇಲ್ಲಿ ಸ್ವಲ್ಪ ನಿಂತು ಈ ಕೀಲು ಹೇಗಿದೆ ಅಂತ ಹೇಳಬೇಕು. ಇದನ್ನು ತಿಳಿದುಕೊಂಡ ಮೇಲೆಯೇ ನನ್ನ ಭಯ ಅರ್ಧ ಇಳಿದದ್ದು.

ಎರಡು ಕಿವಿಗಳ ಮುಂದೆ ಒಂದೊಂದು ಬೆರಳು ಇಟ್ಟುಕೊಂಡು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಏನೋ ಉರುಳಿ ಮುಂದಕ್ಕೆ ಜಾರುತ್ತದೆ. ಅದು ಕೆಳದವಡೆಯ ತಲೆ. ಕೆಳದವಡೆ ಕುದುರೆ ಲಾಳದ ಆಕಾರದ ಒಂದೇ ಮೂಳೆ. ಅದರ ಎರಡು ತುದಿಗಳು ಮೇಲಕ್ಕೆ ಎದ್ದು, ಒಂದೊಂದು ಗುಂಡನೆಯ ತಲೆಯಾಗಿ ಮುಗಿಯುತ್ತವೆ. ಆ ತಲೆಗಳು ತಲೆಬುರುಡೆಯ ತಳದಲ್ಲಿರುವ ಎರಡು ಗುಳಿಗಳಲ್ಲಿ ಕೂರುತ್ತವೆ. ತಲೆಗೂ ಗುಳಿಗೂ ನಡುವೆ ಮೆತ್ತೆಯಂಥ ಒಂದು ಪುಟ್ಟ ಡಿಸ್ಕ್ ಇದೆ. ನಡುವೆ ತೆಳ್ಳಗೆ, ಅಂಚಿಗೆ ದಪ್ಪ. ಬಾಯಿ ತೆರೆಯಲು ಶುರು ಮಾಡಿದಾಗ, ಮೊದಲ ಎರಡು ಸೆಂಟಿಮೀಟರಿನಷ್ಟು, ತಲೆ ಗುಳಿಯಲ್ಲೇ ತಿರುಗುತ್ತದೆ. ಬಾಗಿಲ ತಿರುಗಣಿ ಹಾಗೆ. ಇನ್ನೂ ತೆರೆದರೆ ತಲೆಯೂ ಡಿಸ್ಕೂ ಒಟ್ಟಿಗೆ ಗುಳಿಯಿಂದ ಹೊರಬಂದು, ಮುಂದಿರುವ ಮೂಳೆಯ ಉಬ್ಬಿನ ಮೇಲೆ ಜಾರುತ್ತವೆ. ತಿರುಗೋದು, ಜಾರೋದು, ಎರಡೂ ಇದೇ ಕೀಲಿನ ಕೆಲಸ. ಅದೂ ಎಡಗಡೆಯದು ಬಲಗಡೆಯದನ್ನು ಬಿಟ್ಟು ಅಲುಗಾಡುವ ಹಾಗಿಲ್ಲ. ಒಂದೇ ಮೂಳೆಯ ಎರಡು ತುದಿ ತಾನೆ.

ಡಿಸ್ಕ್ ತನ್ನ ಜಾಗದಿಂದ ಮುಂದಕ್ಕೆ ಸರಿದಿದ್ದರೆ, ತಲೆ ಜಾರುವಾಗ ಅದರ ಅಂಚನ್ನು ದಾಟಿ ಮೇಲೆ ಹತ್ತಬೇಕಾಗುತ್ತದೆ. ಆಗ ಬರುವುದೇ ಆ ಟಕ್. ಕೆಲವರಿಗೆ ಹತ್ತಲು ಆಗುವುದೇ ಇಲ್ಲ. ಬಾಯಿ ಅರ್ಧಕ್ಕೆ ನಿಲ್ಲುತ್ತದೆ. ಆದರೆ ನೋವಿಲ್ಲದ ಬರೀ ಸದ್ದು ಎಷ್ಟೋ ಜನಕ್ಕೆ ಇರುತ್ತದೆ, ಅದಕ್ಕೆ ಏನೂ ಮಾಡಬೇಕಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿಬಿಟ್ಟರು. ಕಿವಿ ನೋವಿನ ಗುಟ್ಟೂ ಇಲ್ಲೇ ಇದೆ. ಕಿವಿಯ ಕೊಳವೆ ಈ ಕೀಲಿನ ಹಿಂದೆಯೇ ಇದೆ. ಕೀಲಿಗೆ ಹೋಗುವ ನರದ ಕವಲೇ ಕಿವಿಯ ಸುತ್ತಲೂ ಹೋಗುತ್ತದೆ. ನೋವು ಎಲ್ಲಿಂದ ಬಂತು ಅಂತ ಮಿದುಳಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ, ಯಾಕೆಂದರೆ ನನಗೆ ಅದು ತುಂಬಾ ಇಷ್ಟ. ನಮ್ಮ ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳಲ್ಲಿ ಎರಡು, ಸುತ್ತಿಗೆ ಮತ್ತು ಅಡಿಗಲ್ಲು ಅಂತೀವಲ್ಲ, ಅವು ಬಹಳ ಹಿಂದೆ ದವಡೆ ಕೀಲಿನ ಮೂಳೆಗಳೇ ಆಗಿದ್ದವು. ಹಾವು, ಹಲ್ಲಿ, ಮೊಸಳೆಗಳಲ್ಲಿ ಇವತ್ತಿಗೂ ಆ ಮೂಳೆಗಳೇ ದವಡೆಯ ಕೀಲು. ಸಸ್ತನಿಗಳಲ್ಲಿ ಹೊಸ ಕೀಲು ಬಂತು, ಹಳೆಯ ಕೀಲಿನ ಮೂಳೆಗಳು ಕಿವಿಯೊಳಗೆ ಸೇರಿಕೊಂಡವು. ಜರ್ಮನಿಯ ರೈಕರ್ಟ್ ಎಂಬ ಅಂಗರಚನಾ ವಿಜ್ಞಾನಿ 1837ರಲ್ಲೇ ಭ್ರೂಣಗಳನ್ನು ನೋಡಿ ಈ ನಂಟನ್ನು ತೋರಿಸಿದ್ದ.

ಈಗ ನನ್ನ ಉಯ್ಯಾಲೆಗೆ ಬರುತ್ತೇನೆ.

ಗದ್ದದ ಮೇಲೆ ಬಿದ್ದಾಗ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ಲಾಳದ ನಡುವಿಗೆ ಹೊಡೆದರೆ ಎರಡೂ ತುದಿಗೆ ಪೆಟ್ಟು ಓಡುತ್ತದೆ. ಮೂಳೆಯ ತಲೆಯ ಕೆಳಗೆ ಸಣ್ಣದೊಂದು ಕುತ್ತಿಗೆ ಇದೆ. ಅದೇ ಎಲ್ಲಕ್ಕಿಂತ ಬಡಪಾಯಿ ಜಾಗ. ಬಿರುಕು ಬಿಡುವುದು ಅಲ್ಲಿ. ಇನ್ನೂ ಚಿಕ್ಕ ಮಕ್ಕಳಲ್ಲಿ ತಲೆಯೇ ಮೆತ್ತಗಿರುತ್ತದೆ, ಜಜ್ಜಿ ಹೋಗಬಹುದು. ಹೊರಗೆ ಕಾಣುವುದು ಗದ್ದದ ಗಾಯ, ರಕ್ತ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಹೊಲಿಗೆ ಹಾಕಿ ಕಳಿಸುತ್ತಾರೆ. ನನ್ನ ವಿಷಯದಲ್ಲಿ ಆಗಿದ್ದೂ ಅದೇ. ಕಿವಿಯ ಮುಂದೆ ಏನಾಗಿದೆ ಅಂತ ಯಾರೂ ನೋಡಲಿಲ್ಲ.

ಆ ತಲೆ ಬರೀ ಕೀಲಿನ ಭಾಗವಲ್ಲ, ಮಗುವಿನಲ್ಲಿ ಅದು ದವಡೆ ಬೆಳೆಯುವ ಜಾಗವೂ ಹೌದು. ತಲೆಯ ಮೇಲೆ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಅಲ್ಲಿ ಹೊಸ ಮೂಳೆ ಸೇರುತ್ತಾ ಸೇರುತ್ತಾ ದವಡೆಯ ಹಿಂಭಾಗ ಎತ್ತರಕ್ಕೆ ಬೆಳೆಯುತ್ತದೆ. ಗದ್ದ ಕೆಳಕ್ಕೂ ಮುಂದಕ್ಕೂ ಬರುತ್ತದೆ. ಹದಿನೆಂಟು ಇಪ್ಪತ್ತರ ತನಕ ಈ ಬೆಳವಣಿಗೆ ಇರುತ್ತದೆ. ಹುಟ್ಟಿದ ಮಗುವಿನ ಬುರುಡೆಯಲ್ಲಿ ಕೀಲಿನ ಗುಳಿ ಹೆಚ್ಚುಕಮ್ಮಿ ಸಪಾಟಾಗಿರುತ್ತದೆ. ಅದರ ಮುಂದಿನ ಉಬ್ಬು ಕೂಡ ಇರುವುದಿಲ್ಲ. ಮಗು ಅಗಿಯಲು ಕಲಿತು, ಹಲ್ಲು ಬಂದು, ವರ್ಷಗಟ್ಟಲೆ ಬಳಸಿದ ಮೇಲೆ ಆ ಗುಳಿಗೂ ಉಬ್ಬಿಗೂ ಆಕಾರ ಬರುತ್ತದೆ. ಮೂಳೆ ಅನ್ನೋದು ಕಲ್ಲಲ್ಲ. ಅದರ ಮೇಲೆ ಬೀಳುವ ಭಾರಕ್ಕೆ ತಕ್ಕ ಹಾಗೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಇದನ್ನು 1892ರಲ್ಲಿ ಯೂಲಿಯಸ್ ವೋಲ್ಫ್ ಎಂಬ ಜರ್ಮನ್ ಸರ್ಜನ್ ಒಂದು ನಿಯಮ ಅಂತಲೇ ಬರೆದ.

ಏಳು ವರ್ಷಕ್ಕೆ ಎಡಗಡೆಯ ಆ ಜಾಗಕ್ಕೆ ಪೆಟ್ಟಾಯಿತು ಅಂದುಕೊಳ್ಳಿ. ಬಲಗಡೆ ಎಂದಿನಂತೆ ಬೆಳೆಯುತ್ತಾ ಹೋಯಿತು. ಎಡಗಡೆ ನಿಧಾನವಾಯಿತು. ಹತ್ತು ಹನ್ನೆರಡು ವರ್ಷದಲ್ಲಿ ಬಲಗಡೆ ಉದ್ದವಾಗಿ ಗದ್ದವನ್ನು ಎಡಕ್ಕೆ ತಳ್ಳುತ್ತದೆ. ಗಿಡ್ಡ ಉಳಿದ ಎಡಗಡೆ, ಮಾಂಸವೆಲ್ಲ ಚಿಕ್ಕ ಮೂಳೆಯ ಮೇಲೆ ಕೂತು ದುಂಡಗೆ ಕಾಣುತ್ತದೆ. ಬೆಳೆದ ಬಲಗಡೆ ಎಳೆದ ಹಾಗೆ ಚಪ್ಪಟೆ. ನೋಡಿದವರು ಚೆನ್ನಾಗಿರುವ ಬಲಗಡೆಯನ್ನೇ ಕೆಟ್ಟಿದ್ದು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಡಾಕ್ಟರ್ ಒಂದು ಮರದ ಚಪ್ಪಟೆ ಕಡ್ಡಿ ತೆಗೆದುಕೊಂಡರು, ಗಂಟಲು ನೋಡುವಾಗ ನಾಲಿಗೆ ಒತ್ತುತ್ತಾರಲ್ಲ, ಅದು. ಅಡ್ಡಕ್ಕೆ ಕಚ್ಚಿ ಹಿಡಿಯಲು ಹೇಳಿ ಕೈಗೆ ಕನ್ನಡಿ ಕೊಟ್ಟರು. ಕಡ್ಡಿ ನನ್ನ ಎರಡು ಕಣ್ಣಿನ ಗೆರೆಗೆ ಸಮಾನವಾಗಿ ಇರಲಿಲ್ಲ. ಎಡತುದಿ ಮೇಲಕ್ಕೆ ಎದ್ದಿತ್ತು. ಇಡೀ ಹಲ್ಲಿನ ಸಾಲೇ ಆ ಕಡೆಗೆ ಏರಿದೆ. ಕೆಳದವಡೆ ಎಡಗಡೆ ಕೆಳಕ್ಕೆ ಬೆಳೆಯಲಿಲ್ಲ, ಹಾಗಾಗಿ ಮೇಲ್ದವಡೆಗೂ ಆ ಕಡೆ ಇಳಿಯಲು ಜಾಗ ಸಿಗಲಿಲ್ಲ. ಒಂದು ಸಲ ಬಿದ್ದ ಪೆಟ್ಟು ಕೆಳದವಡೆಯಲ್ಲಿ ಶುರುವಾಗಿ ಮೇಲ್ದವಡೆಗೆ, ತುಟಿಯ ಗೆರೆಗೆ, ಹೀಗೆ ಮುಖದಲ್ಲಿ ಮೇಲೇರುತ್ತಾ ಹೋಗಿದೆ. ಕಡ್ಡಿಯನ್ನು ಬಾಯಲ್ಲಿ ಹಿಡಿದುಕೊಂಡೇ ಕಣ್ಣು ತುಂಬಿ ಬಂತು. ಬೇಜಾರಾಗಿ ಅಲ್ಲ. ಇಪ್ಪತ್ತನಾಲ್ಕು ವರ್ಷ ನನ್ನ ಮುಖದ ಮೇಲೇ ಬರೆದಿದ್ದ ಒಂದು ಮಧ್ಯಾಹ್ನವನ್ನು ಮೊದಲ ಸಲ ಯಾರೋ ಓದಿ ಹೇಳಿದರು ಅಂತ.

ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ, ಕಿವಿಯಿಂದ ಕಿವಿಗೆ ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಒಪಿಜಿಯಲ್ಲಿ, ಎಲ್ಲ ಕಂಡಿತು. ಬಲಗಡೆ ತಲೆ ಗುಂಡಗೆ. ಎಡಗಡೆಯದು ಚಪ್ಪಟೆ, ಕುತ್ತಿಗೆ ಗಿಡ್ಡ. ಅಲ್ಲೇ ಕೆಳಗೆ ದವಡೆಯ ಅಂಚಿನಲ್ಲಿ ಒಂದು ಆಳವಾದ ಬಾಗು. ಗದ್ದ ಸರಿದಿದ್ದು 5 ಮಿಲಿಮೀಟರ್.

ಅಂದರೆ ನನ್ನ ಲೆಕ್ಕ ತಿರುಗುಮುರುಗಾಗಿತ್ತು. ಮುಖ ಸೊಟ್ಟಗಿದ್ದಿದ್ದಕ್ಕೆ ಕೀಲು ಕೆಟ್ಟಿದ್ದಲ್ಲ. ಕೀಲಿಗೆ ಪೆಟ್ಟಾಗಿದ್ದರಿಂದ ಮುಖ ಹೀಗೆ ಬೆಳೆಯಿತು.

ಇದು ನನ್ನೊಬ್ಬಳ ಕಥೆಯಲ್ಲ. ಆಮೇಲೆ ಓದುತ್ತಾ ಹೋದಾಗ, ಕೀಲು ಮುಖವನ್ನು ಬದಲಿಸುವ ದಾರಿಗಳು ಎಷ್ಟಿವೆ ಅಂತ ಗೊತ್ತಾಯಿತು. ಮಕ್ಕಳಿಗೆ ಬರುವ ಒಂದು ಬಗೆಯ ಸಂಧಿವಾತ ಇದೆ, ಹದಿನಾರು ತುಂಬುವ ಮೊದಲೇ ಶುರುವಾಗುವಂಥದ್ದು. ಮೊಣಕಾಲು, ಮಣಿಕಟ್ಟು ಊದಿದರೆ ಅಪ್ಪ ಅಮ್ಮನಿಗೆ ಕಾಣುತ್ತದೆ. ದವಡೆ ಕೀಲಿನಲ್ಲಿ ಅದು ಸದ್ದಿಲ್ಲದೆ ಬರುತ್ತದೆ. ಎಷ್ಟೋ ಮಕ್ಕಳಿಗೆ ನೋವೇ ಇರುವುದಿಲ್ಲ. ಎರಡೂ ಕಡೆ ಬಂದರೆ ಗದ್ದ ಹಿಂದಕ್ಕೇ ಉಳಿಯುತ್ತದೆ, ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುವುದಿಲ್ಲ. ಪೆಟ್ಟಾದ ಮೇಲೆ ಕೆಲವು ಮಕ್ಕಳಲ್ಲಿ ಕೀಲು ಮೂಳೆಯಾಗಿಯೇ ಬೆಸೆದುಹೋಗುತ್ತದೆ. ಬಾಯಿ ಒಂದು ಬೆರಳಗಲವೂ ತೆರೆಯುವುದಿಲ್ಲ, ಗದ್ದ ಬೆಳೆಯುವುದೇ ನಿಂತುಹೋಗುತ್ತದೆ. ಆ ಮಕ್ಕಳಿಗೆ ಆಪರೇಷನ್ ಬೇಕೇ ಬೇಕು.

ಇದಕ್ಕೆ ಉಲ್ಟಾ ಆಗುವುದೂ ಉಂಟು. ಒಂದು ಕಡೆಯ ತಲೆ ನಿಲ್ಲಬೇಕಾದ ವಯಸ್ಸಿಗೆ ನಿಲ್ಲದೆ ಬೆಳೆಯುತ್ತಲೇ ಹೋಗುತ್ತದೆ. ಆಗ ಗದ್ದ ಚೆನ್ನಾಗಿರುವ ಕಡೆಗೆ ಸರಿಯುತ್ತದೆ. ನನಗಾದದ್ದಕ್ಕೆ ಇದು ಕನ್ನಡಿ ಬಿಂಬದ ಹಾಗೆ. ಇದನ್ನು ಮೊದಲು ಬರೆದಿಟ್ಟಿದ್ದು 1836ರಲ್ಲಿ, ರಾಬರ್ಟ್ ಆಡಮ್ಸ್ ಎಂಬ ಐರಿಷ್ ಡಾಕ್ಟರ್. ಬೆಳವಣಿಗೆ ಇನ್ನೂ ನಡೆದಿದೆಯಾ, ನಿಂತಿದೆಯಾ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ. ಅದಕ್ಕೆ ಫೋಟೋಗಳನ್ನೂ ಹಲ್ಲಿನ ಅಚ್ಚುಗಳನ್ನೂ ತಿಂಗಳುಗಟ್ಟಲೆ ಹೋಲಿಸಿ ನೋಡುತ್ತಾರೆ, ಮೂಳೆಯ ಸ್ಕ್ಯಾನ್ ಮಾಡಿಸುತ್ತಾರೆ. ಇನ್ನೊಂದು ಕಾಯಿಲೆಯಲ್ಲಿ ಎರಡೂ ತಲೆಗಳು ಕರಗಿ ಚಿಕ್ಕದಾಗುತ್ತವೆ. ಹೆಚ್ಚಾಗಿ ಹದಿಹರೆಯದ ಹುಡುಗಿಯರಲ್ಲಿ, ಯುವತಿಯರಲ್ಲಿ. ಚೆನ್ನಾಗಿ ಕೂರುತ್ತಿದ್ದ ಹಲ್ಲುಗಳು ವರ್ಷ ಎರಡು ವರ್ಷದಲ್ಲಿ ಮುಂದೆ ತಾಗದ ಹಾಗೆ ಆಗುತ್ತವೆ, ಗದ್ದ ಹಿಂದೆ ಸರಿಯುತ್ತದೆ.

ಹಳೇ ಫೋಟೋಗಳು ಇಂಥ ಕಡೆ ಎಷ್ಟು ಕೆಲಸಕ್ಕೆ ಬರುತ್ತವೆ ಅಂತ ನನ್ನ ಕಸುಬಿನವಳಾಗಿ ಹೇಳಲೇಬೇಕು. ನನ್ನ ಡಾಕ್ಟರ್ ನನ್ನ ಬಾಲ್ಯದ ಫೋಟೋ ತರಿಸಿಕೊಂಡರು. ಆರು ವರ್ಷದ್ದರಲ್ಲಿ ಗದ್ದ ನಡುವಲ್ಲಿದೆ. ಹನ್ನೊಂದರದ್ದರಲ್ಲಿ ಸ್ವಲ್ಪ ಸರಿದಿದೆ. ಹದಿನೇಳರ ಫೋಟೋದಲ್ಲಿ ಇವತ್ತಿನಷ್ಟೇ. ಆಮೇಲೆ ಒಂದಿಷ್ಟೂ ಬದಲಾಗಿಲ್ಲ. ಹಾಗಾಗಿ ಇದು ಮುಗಿದ ಕಥೆ, ಈಗ ನಡೆಯುತ್ತಿರುವ ಕಾಯಿಲೆ ಅಲ್ಲ ಅಂತ ಅವರಿಗೆ ಧೈರ್ಯವಾಗಿ ಹೇಳಲು ಆಯಿತು. ಮಗುವಿನ ಮುಖ ನೇರಕ್ಕೆ ಕಾಣುವ ಫೋಟೋ ವರ್ಷಕ್ಕೊಂದಾದರೂ ತೆಗೆದಿಡಿ.

ಹಾಗಾದರೆ ಮುಖದ ಆಕಾರದಿಂದ ಕೀಲಿಗೆ ತೊಂದರೆ ಬರುವುದೇ ಇಲ್ಲವಾ? ಇಲ್ಲ ಅಂತ ಪೂರ್ತಿ ಹೇಳಲಾಗದು. ಕೆಳದವಡೆ ಹಿಂದಿರುವವರಲ್ಲಿ, ಮುಖ ಉದ್ದವಾಗಿ ದವಡೆಯ ಅಂಚು ಕಡಿದಾಗಿ ಇಳಿದಿರುವವರಲ್ಲಿ, ಎಂಆರ್‌ಐ ಮಾಡಿದಾಗ ಡಿಸ್ಕ್ ಸರಿದಿರುವುದು ಜಾಸ್ತಿ ಕಾಣುತ್ತದೆ. ಆದರೆ ಯಾವುದು ಮೊದಲು? ದವಡೆ ಹಿಂದಿದ್ದಿದ್ದಕ್ಕೆ ಡಿಸ್ಕ್ ಸರಿಯಿತಾ, ಇಲ್ಲಾ ಬೆಳೆಯುವ ವಯಸ್ಸಿನಲ್ಲೇ ಡಿಸ್ಕ್ ಸರಿದು ದವಡೆ ಸರಿಯಾಗಿ ಬೆಳೆಯಲಿಲ್ಲವಾ? ಎರಡೂ ಆಗಬಹುದು. ಇನ್ನೊಂದು ಕಡೆ, ಅದೇ ಬಗೆಯ ಮುಖ ಇದ್ದು ಜೀವನದಲ್ಲಿ ಒಂದು ದಿನವೂ ದವಡೆ ನೋಯದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪರದೆಯ ಮೇಲೆ ದಿನಾ ಬರುವವರಲ್ಲೂ ಇದ್ದಾರು.

ಆಕಾರವೇ ಕಾರಣ ಅನ್ನುವ ನಂಬಿಕೆ ಹಳೆಯದು. 1934ರಲ್ಲಿ ಜೇಮ್ಸ್ ಕಾಸ್ಟನ್ ಎಂಬ ಅಮೆರಿಕದ ಕಿವಿ ಮೂಗು ಗಂಟಲಿನ ಡಾಕ್ಟರ್ ಒಂದು ಲೇಖನ ಬರೆದರು. ಹಿಂದಿನ ಹಲ್ಲುಗಳು ಹೋಗಿ ದವಡೆ ಜಾಸ್ತಿ ಮುಚ್ಚಿಕೊಂಡರೆ, ಕೀಲಿನ ತಲೆ ಹಿಂದಕ್ಕೆ ಸರಿದು ನರವನ್ನು ಒತ್ತಿ ಕಿವಿ ನೋವು, ತಲೆ ಸುತ್ತು ಎಲ್ಲ ಬರುತ್ತದೆ ಅಂದರು. ಆ ತೊಂದರೆಗೆ ಅವರ ಹೆಸರೇ ಬಂತು. ತಲೆ ಹಾಗೆ ನರವನ್ನು ಒತ್ತಲು ಸಾಧ್ಯವಿಲ್ಲ ಅಂತ ಮುಂದೆ ಅಂಗರಚನೆ ಬಲ್ಲವರು ತೋರಿಸಿದರು. ಆದರೆ ಕಚ್ಚುವಿಕೆ ಸರಿ ಮಾಡಿದರೆ ನೋವು ಹೋಗುತ್ತದೆ ಅನ್ನುವ ಮಾತು ಉಳಿದುಕೊಂಡಿತು. ಎಷ್ಟೋ ಜನರ ಚೆನ್ನಾಗಿರುವ ಹಲ್ಲುಗಳನ್ನು ಅರೆದು ಸವೆಸಿದರು. ಇನ್ನು 1980ರ ದಶಕದಲ್ಲಿ ಡಿಸ್ಕ್ ತೆಗೆದು ಅದರ ಜಾಗಕ್ಕೆ ಟೆಫ್ಲಾನ್ ಸೇರಿದ ಇಂಪ್ಲಾಂಟ್ ಇಟ್ಟರು. ಅಗಿಯುವ ಭಾರಕ್ಕೆ ಅವು ಪುಡಿಯಾದವು. ಆ ಪುಡಿಗೆ ದೇಹ ತಿರುಗಿಬಿದ್ದು ಸುತ್ತಲಿನ ಮೂಳೆಯೇ ಸವೆದುಹೋಯಿತು. 1990ರ ಕೊನೆಗೆ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಅಷ್ಟರಲ್ಲಿ ಬಹಳ ಜನಕ್ಕೆ ಹಾನಿ ಆಗಿಹೋಗಿತ್ತು. ಅವರ ಬಗ್ಗೆ ಓದುವಾಗ ನನಗೆ ಕೈ ನಡುಗಿತು. ನೋವು ನಿಲ್ಲಲಿ ಅಂತ ಮಾತ್ರ ಅವರು ಒಪ್ಪಿದ್ದು. ನಾನೂ ಒಪ್ಪಿಬಿಡುವ ಹಂತದಲ್ಲೇ ಇದ್ದೆ.

ಈಗ ಡಾಕ್ಟರುಗಳು ಜಗತ್ತಿನಾದ್ಯಂತ ಬಳಸುವ, 2014ರಲ್ಲಿ ಬಂದ ಪರೀಕ್ಷೆಯ ಕ್ರಮದಲ್ಲಿ, ಮುಖ ಎಷ್ಟು ನೇರವಿದೆ ಅನ್ನೋದರ ಮೇಲೆ ಕಾಯಿಲೆ ನಿರ್ಧಾರ ಆಗುವುದಿಲ್ಲ. ಎಲ್ಲಿ ಒತ್ತಿದರೆ ನೋಯುತ್ತದೆ, ಬಾಯಿ ಎಷ್ಟು ತೆರೆಯುತ್ತದೆ, ಸದ್ದು ಯಾವಾಗ ಬರುತ್ತದೆ ಅಂತ ನೋಡುತ್ತಾರೆ. ಜೊತೆಗೆ ಚಿಂತೆ, ಬೇಸರ, ದೇಹದಲ್ಲಿ ಬೇರೆಡೆ ಇರುವ ನೋವು, ಇವನ್ನೆಲ್ಲ ಕೇಳುತ್ತಾರೆ. ಅಮೆರಿಕದಲ್ಲಿ ದವಡೆ ನೋವಿಲ್ಲದ 3,000ಕ್ಕೂ ಹೆಚ್ಚು ಜನರನ್ನು 2006ರಿಂದ ಸೇರಿಸಿಕೊಂಡು ಹಲವು ವರ್ಷ ಗಮನಿಸಿದ ಓಪೆರಾ ಎಂಬ ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು. ಯಾರಿಗೆ ಮುಂದೆ ನೋವು ಬರುತ್ತದೆ ಅಂತ ತಿಳಿಯಲು ನಿದ್ದೆ, ಬೇರೆ ನೋವುಗಳು, ಮನಸ್ಸಿನ ಒತ್ತಡ ಇವು ಬಹಳ ಮುಖ್ಯವಾಗಿದ್ದವು.

ನನ್ನ ಡಾಕ್ಟರ್ ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ಸರಳ. "ಗದ್ದ ಸರಿದು ಇಪ್ಪತ್ತು ವರ್ಷದ ಮೇಲಾಯ್ತು. ನೋವು ಶುರುವಾಗಿ ಆರು ತಿಂಗಳು. ಆರು ತಿಂಗಳ ಹಿಂದೆ ಏನಾಯ್ತು?"

ಆರು ತಿಂಗಳ ಹಿಂದೆ ನಮ್ಮಲ್ಲಿ ಇಬ್ಬರು ಕೆಲಸ ಬಿಟ್ಟಿದ್ದರು. ಅವರ ಮುಖಗಳೂ ನನ್ನ ಪಾಲಿಗೆ ಬಂದಿದ್ದವು. ರಾತ್ರಿ ಹನ್ನೊಂದರ ತನಕ ಕೂತು ಕೂದಲಿನ ಅಂಚು ಬಿಡಿಸುತ್ತಿದ್ದೆ. ಕೂದಲು ಒಂದೊಂದಾಗಿ ಹಿನ್ನೆಲೆಯಿಂದ ಬೇರೆ ಮಾಡುವುದು ಉಸಿರು ಹಿಡಿದು ಮಾಡುವ ಕೆಲಸ. ಆಗ ನನ್ನ ಹಲ್ಲುಗಳು ಏನು ಮಾಡುತ್ತಿರುತ್ತವೆ ಅಂತ ಗಮನಿಸಲು ಡಾಕ್ಟರ್ ಹೇಳಿದರು. ಮರುದಿನ ಗಮನಿಸಿದೆ. ಬಿಗಿಯಾಗಿ ಕಚ್ಚಿಕೊಂಡಿದ್ದವು. ಗಂಟೆಗಟ್ಟಲೆ.

ಊಟ ಮಾಡುವಾಗ, ಎಂಜಲು ನುಂಗುವಾಗ ಎಲ್ಲ ಸೇರಿ, ಇಡೀ ದಿನದಲ್ಲಿ ಹಲ್ಲಿಗೆ ಹಲ್ಲು ತಾಗಬೇಕಾದ್ದು ಅರ್ಧ ಗಂಟೆಯೂ ಇಲ್ಲ. ಉಳಿದ ಹೊತ್ತು ತುಟಿ ಮುಚ್ಚಿರಬೇಕು, ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗದೆ ಇರಬೇಕು, ನಾಲಿಗೆ ಹಾಯಾಗಿ ಅಂಗುಳಕ್ಕೆ ತಾಗಿರಬೇಕು. ನನಗೆ ಇದು ಮೂವತ್ತೊಂದು ವರ್ಷ ಆಗುವ ತನಕ ಗೊತ್ತಿರಲಿಲ್ಲ. ಕೆನ್ನೆಯ ಅಗಿಯುವ ಸ್ನಾಯುವನ್ನು ಅವರು ಎರಡು ಬೆರಳಲ್ಲಿ ಒತ್ತಿದಾಗ, ನೋವು ಸೀದಾ ಕಿವಿಗೂ ಹಲ್ಲಿಗೂ ಹೋಯಿತು. ಕೀಲಿಗಿಂತ ಅಲ್ಲೇ ಜಾಸ್ತಿ ನೋವಿತ್ತು. ಬಾಯಿ ತೆರೆದಿದ್ದು 31 ಮಿಲಿಮೀಟರ್. ದೊಡ್ಡವರಿಗೆ 40ರ ಆಸುಪಾಸು ಇರಬೇಕು. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಹೋಗುವಷ್ಟು.

ಮಾಡಿದ ಚಿಕಿತ್ಸೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಪರದೆಯ ಅಂಚಿಗೆ, ಮೌಸಿನ ಮೇಲೆ, ನೀರಿನ ಬಾಟಲಿಗೆ ಒಂದೊಂದು ಕೆಂಪು ಚುಕ್ಕೆ ಅಂಟಿಸಿಕೊಂಡೆ. ಕಣ್ಣಿಗೆ ಬಿದ್ದಾಗೆಲ್ಲ ಕಚ್ಚಿದ ಹಲ್ಲು ಸಡಿಲಿಸಬೇಕು. ಸಂಜೆ ಇಪ್ಪತ್ತು ನಿಮಿಷ ಬಿಸಿ ಬಟ್ಟೆಯ ಶಾಖ. ನಾಲಿಗೆ ತುದಿ ಅಂಗುಳಕ್ಕೆ ಇಟ್ಟುಕೊಂಡೇ ಬಾಯಿ ತೆರೆದು ಮುಚ್ಚುವ ವ್ಯಾಯಾಮ, ಒಂದು ಸಲಕ್ಕೆ ಆರು. ರಾತ್ರಿಗೆ ಅಳತೆ ಕೊಟ್ಟು ಮಾಡಿಸಿದ ಗಟ್ಟಿ ಸ್ಪ್ಲಿಂಟ್, ಅಂದರೆ ಹಲ್ಲಿನ ಸಾಲಿನ ಮೇಲೆ ಹಾಕಿಕೊಳ್ಳುವ ಕವಚ. ಗಟ್ಟಿ ಪದಾರ್ಥ ಕೆಲವು ವಾರ ಬೇಡ. ಮತ್ತೆ ನಿದ್ದೆ. ಹನ್ನೊಂದರ ತನಕ ಕೂರುವುದನ್ನು ನಿಲ್ಲಿಸಿದೆ. ಅದಕ್ಕೆ ಜಗಳ ಆಡಬೇಕಾಯಿತು, ಆಡಿದೆ.

ಐದು ತಿಂಗಳಿಗೆ 42 ಮಿಲಿಮೀಟರ್. ನೋವು ಇಲ್ಲ ಅನ್ನುವಷ್ಟು ಕಡಿಮೆ. ಗದ್ದ ಇದ್ದಲ್ಲೇ ಇದೆ. ಬಾಯಿ ತೆರೆದರೆ ಈಗಲೂ ಎಡಕ್ಕೇ ಹೊರಳುತ್ತದೆ. ಟಕ್ ಸದ್ದೂ ಇದೆ. ಒಂದು ಎಲುಬನ್ನೂ ಮುಟ್ಟದೆ ನೋವು ಹೋಯಿತು. ಗಿಡ್ಡವಾದ ಎಡಗೀಲಿಗೆ ಬೇಗ ಸುಸ್ತಾಗುವ ಗುಣ ಇರಬಹುದು, ಹಾಗಾಗಿ ಒತ್ತಡ ಬಂದಾಗ ಅಲ್ಲೇ ಮೊದಲು ನೋಯುತ್ತದೆ ಅಂದರು ಡಾಕ್ಟರ್. ಅಷ್ಟು ನಂಟನ್ನು ನಾನೂ ಒಪ್ಪುತ್ತೇನೆ. ಮುಖದ ಆಪರೇಷನ್ ಬೇಕು ಅನ್ನಿಸಿದರೆ ಮುಖಕ್ಕಾಗಿ, ಕಚ್ಚುವುದಕ್ಕಾಗಿ, ಅಗಿಯುವುದಕ್ಕಾಗಿ ಮಾಡಿಸಿಕೊಳ್ಳಿ, ನೋವು ಹೋಗುತ್ತದೆ ಅನ್ನುವ ಭರವಸೆ ಮೇಲೆ ಬೇಡ. ಇದು ಅವರ ಮಾತು. ನಾನು ಬೇಡ ಅಂತಲೇ ತೀರ್ಮಾನಿಸಿದೆ. ನಾಲಿಗೆಯನ್ನು ಅಂಗುಳಕ್ಕೆ ಜೋರಾಗಿ ಒತ್ತಿದರೆ ದವಡೆ ನೇರವಾಗುತ್ತದೆ ಅನ್ನುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಬೆಳೆದು ನಿಂತ ಮೂಳೆ ಅದರಿಂದ ಸರಿಯುವುದಿಲ್ಲ. ಒತ್ತಿ ಒತ್ತಿ ಸ್ನಾಯು ನೋಯುವುದು ಮಾತ್ರ ಸುಲಭ.

ಇಷ್ಟು ಬರೆಯಲು ಕಾರಣ ಅಣ್ಣನ ಮಗ. ಅವನಿಗೆ ಆರು ವರ್ಷ. ಹೋದ ವರ್ಷ ಮೆಟ್ಟಿಲಲ್ಲಿ ಮುಗ್ಗರಿಸಿ ಗದ್ದ ಒಡೆದುಕೊಂಡ. ಅತ್ತಿಗೆ ಫೋನ್ ಮಾಡಿದಾಗ ಹೊಲಿಗೆ ಹಾಕಿಸಿ ಮನೆಗೆ ಬಂದಾಗಿತ್ತು. "ಏನಿಲ್ಲ, ಮೂರು ಹೊಲಿಗೆ ಅಷ್ಟೇ, ಮಲಗಿದ್ದಾನೆ" ಅಂದರು. ನಾನು ಆಗಲೇ ಹೊರಟೆ.

ಎದ್ದ ಮೇಲೆ ಮಡಿಲಲ್ಲಿ ಕೂರಿಸಿಕೊಂಡು ಎರಡು ಕಿವಿ ಮುಂದೆಯೂ ಮೆಲ್ಲಗೆ ಬೆರಳಿಟ್ಟೆ. ಬಲಗಡೆ ಊತ. ಮುಟ್ಟಿದರೆ ಅಳು. "ಎಲ್ಲಿ ಪುಟ್ಟಾ, ಹಲ್ಲಿನ ಡಾಕ್ಟರಿಗೆ ತೋರಿಸೋ ಹಾಗೆ ಆ ಮಾಡು" ಅಂದೆ. ಬಾಯಿ ಸ್ವಲ್ಪವೇ ತೆರೆಯಿತು, ತೆರೆಯುತ್ತಾ ಬಲಕ್ಕೆ ವಾಲಿತು. ಹಲ್ಲು ಕಚ್ಚಿದರೆ ಎಡಗಡೆ ಸರಿಯಾಗಿ ಕೂರಲಿಲ್ಲ. ಅಣ್ಣನ ಮುಖ ನೋಡಿದೆ. ಅವನಿಗೆ ನನ್ನ ಉಯ್ಯಾಲೆ ನೆನಪಿತ್ತು. ಅವತ್ತು ಅದನ್ನು ಹಿಂದಿನಿಂದ ತೂಗುತ್ತಿದ್ದವನು ಅವನೇ. ಒಂದು ಮಾತೂ ಆಡದೆ ಕೀ ತೆಗೆದುಕೊಂಡ.

ಎಕ್ಸ್‌ರೇ ತೆಗೆಸಿದಾಗ ಬಲಗಡೆ ದವಡೆ ತಲೆಯ ಕೆಳಗಿನ ಕುತ್ತಿಗೆಯಲ್ಲಿ ಬಿರುಕು ಕಂಡಿತು. ಅವನಷ್ಟು ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಆ ವಯಸ್ಸಿನ ಮೂಳೆ ತನ್ನನ್ನು ತಾನು ಮತ್ತೆ ರೂಪಿಸಿಕೊಳ್ಳುವ ಶಕ್ತಿ ದೊಡ್ಡದು. ಹೆಚ್ಚಿನ ಮಕ್ಕಳ ಮುಖ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಬಾಯಿ ಕಟ್ಟಿ ಸುಮ್ನೆ ಬಿಡಬಾರದು. ಸ್ವಲ್ಪ ದಿನ ಮೆತ್ತನೆಯ ಊಟ, ಆಮೇಲೆ ಬೇಗ ಬಾಯಿ ಆಡಿಸಲು ಶುರು. ಅಲುಗಾಡದೆ ಬಿಟ್ಟರೆ ಕೀಲು ಬೆಸೆಯುವ ಅಪಾಯ ಇದೆ. ಬೆಳವಣಿಗೆ ಮುಗಿಯುವ ತನಕ ಆಗಾಗ ನೋಡುತ್ತಿರಬೇಕು.

ವ್ಯಾಯಾಮಕ್ಕೆ ಕೊಟ್ಟಿದ್ದು ಅದೇ ಮರದ ಚಪ್ಪಟೆ ಕಡ್ಡಿಗಳು. ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಹಿಡಿಯಬೇಕು. ಕೆಲವು ದಿನಕ್ಕೊಮ್ಮೆ ಇನ್ನೊಂದು ಸೇರಿಸಬೇಕು. ಅವನು ಪ್ರತಿ ಕಡ್ಡಿಗೂ ಒಂದು ಬಣ್ಣ ಬಳಿದ. ಮೊದಲ ವಾರ 19 ಮಿಲಿಮೀಟರ್. ಒಂದು ತಿಂಗಳಿಗೆ 30. ಅಳತೆ ಬರೆಯುವ ಪುಸ್ತಕ ನನ್ನ ಹತ್ತಿರ ಇದೆ. ಪ್ರತಿ ಮೂರು ತಿಂಗಳಿಗೆ ಅವನ ಮುಖದ ಫೋಟೋ ನಾನೇ ತೆಗೆಯುತ್ತೇನೆ, ಒಂದೇ ಜಾಗದಲ್ಲಿ ನಿಲ್ಲಿಸಿ, ಒಂದೇ ಬೆಳಕಲ್ಲಿ. ಹುಬ್ಬಿನ ನಡುವಿಂದ ಗೆರೆ ಇಳಿಸುತ್ತೇನೆ.

ಕಳೆದ ಭಾನುವಾರ ಅಳೆದೆವು. 41. "ಅತ್ತೆ, ಇನ್ನೊಂದು ಕಡ್ಡಿ ಹೋಗತ್ತೆ ನೋಡಿ" ಅಂತ ನೀಲಿ ಬಣ್ಣದ್ದನ್ನು ಹುಡುಕಲು ಒಳಗೆ ಓಡಿದ.